ಪ್ರೋಟೀನಿನ ಕೊಂಡಿ ಬಿಡಿಸಿದ ಎಮಿಲ್ ಫಿಷರ್

ನೀವು ತಿನ್ನುವ ಬೇಳೆ, ಮೊಟ್ಟೆ, ಮಾಂಸದಲ್ಲಿರುವ ಪ್ರೋಟೀನ್ ಅಮೈನೋ ಆಮ್ಲಗಳಿಂದ ಆಗಿದೆ ಎಂದು ಜೀವಶಾಸ್ತ್ರದ ಪಾಠದಲ್ಲಿ ಓದಿರುತ್ತೀರಿ. ಈ ಆಮ್ಲಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂಬುದನ್ನು ತಿಳಿಸಿಕೊಟ್ಟವರಲ್ಲಿ ಜರ್ಮನಿಯ ಎಮಿಲ್ ಫಿಷರ್ ಪ್ರಮುಖರು.

ಅವರು ಜನಿಸಿದ್ದು 1852ರ ಅಕ್ಟೋಬರ್ 9ರಂದು, ಕೊಲೋನ್ ನಗರದ ಸಮೀಪದ ಒಯ್ಸ್‌ಕಿರ್ಖೆನ್ ಎಂಬ ಊರಿನಲ್ಲಿ. ತಂದೆ ವರ್ತಕರು. ಮಗನೂ ಮನೆತನದ ಮರದ ವ್ಯಾಪಾರ ನೋಡಿಕೊಳ್ಳಲಿ ಎಂಬುದು ಅವರ ಆಸೆ. ಆದರೆ ಹುಡುಗನಿಗೆ ವ್ಯಾಪಾರ ಒಗ್ಗಲಿಲ್ಲ. ಇಂತಹ ಹಂತದಲ್ಲಿ ನಮ್ಮಲ್ಲಿ ಎಷ್ಟು ಮಕ್ಕಳ ಓದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತುಹೋಗುತ್ತದೆ ಎಂಬುದನ್ನು ನೀವೇ ಬಲ್ಲಿರಿ. ಫಿಷರ್ ತಂದೆ ಹಠ ಹಿಡಿಯಲಿಲ್ಲ. 1871ರಲ್ಲಿ ಮಗನನ್ನು ಬಾನ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಮರುವರ್ಷ ಫಿಷರ್ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಅಡಾಲ್ಫ್ ಬೇಯರ್ ಅವರ ಶಿಷ್ಯರಾದರು, 1874ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಬಣ್ಣ ತಯಾರಿಸುವ ದೊಡ್ಡ ಕಂಪೆನಿಯೊಂದು ತನ್ನ ಪ್ರಯೋಗಾಲಯದ ಹೊಣೆ ವಹಿಸಿಕೊಳ್ಳಲು ಕರೆಯಿತು. ಅವರು ಒಪ್ಪಲಿಲ್ಲ. ಹಣದ ಚಿಂತೆಯಿಲ್ಲದೆ ಅಧ್ಯಾಪಕರಾಗಿಯೇ ಉಳಿಯಲು ಆಸರೆಯಾದದ್ದು ಅದೇ ವರ್ತಕ ತಂದೆ ಕೊಟ್ಟ ಹಣ!

ಸಕ್ಕರೆಗಳು ಮತ್ತು ಪ್ಯೂರಿನ್‌ಗಳ ಮೇಲಿನ ಸಂಶೋಧನೆಗೆ 1902ರಲ್ಲಿ ಅವರಿಗೆ ನೊಬೆಲ್ ಬಂತು. ಬೇರೆಯವರಾಗಿದ್ದರೆ ವಿಶ್ರಮಿಸುತ್ತಿದ್ದರೇನೋ. ಫಿಷರ್ ಆ ವೇಳೆಗಾಗಲೇ ಬರ್ಲಿನ್ನಿನಲ್ಲಿ ಪ್ರೋಟೀನಿನ ಬೆನ್ನು ಹತ್ತಿದ್ದರು.

ಅಮೈನೋ ಆಮ್ಲದ ರಚನೆಯನ್ನು ನೆನಪಿಸಿಕೊಳ್ಳಿ. ನಡುವೆ ಒಂದು ಇಂಗಾಲ. ಅದಕ್ಕೆ ಒಂದು ಕಡೆ ಸಾರಜನಕವಿರುವ ಅಮೈನೋ ಗುಂಪು, ಇನ್ನೊಂದು ಕಡೆ ಆಮ್ಲೀಯ ಕಾರ್ಬಾಕ್ಸಿಲ್ ಗುಂಪು, ಜೊತೆಗೆ ಒಂದು ಜಲಜನಕ. ನಾಲ್ಕನೆಯ ಕೈಯಲ್ಲಿರುವ ಗುಂಪು ಮಾತ್ರ ಆಮ್ಲದಿಂದ ಆಮ್ಲಕ್ಕೆ ಬೇರೆ. ಒಂದರ ಕಾರ್ಬಾಕ್ಸಿಲ್ ಇನ್ನೊಂದರ ಅಮೈನೋ ಗುಂಪಿನೊಡನೆ ಸೇರುವಾಗ ನೀರಿನ ಒಂದು ಅಣು ಹೊರಬೀಳುತ್ತದೆ, ಕೊಂಡಿ ಬೀಳುತ್ತದೆ. ಪ್ರೋಟೀನ್ ಇಂತಹ ಕೊಂಡಿಗಳ ಸರಪಳಿ ಎಂದು 1902ರಲ್ಲಿ ಫಿಷರ್ ಸಾರಿದರು. ಅದೇ ಸಭೆಯಲ್ಲಿ ಫ್ರಾಂಜ್ ಹಾಫ್‌ಮೈಸ್ಟರ್ ಕೂಡ ಸ್ವತಂತ್ರವಾಗಿ ಅದನ್ನೇ ಮಂಡಿಸಿದರು. ಪೆಪ್ಟೈಡ್ ಎಂಬ ಹೆಸರು ಮಾತ್ರ ಫಿಷರ್ ಅವರದು.

ಹೇಳಿದರೆ ಸಾಲದು, ಕಟ್ಟಿ ತೋರಿಸಬೇಕು ಎಂಬುದು ಅವರ ರೀತಿ. ಮೊದಲು ಎರಡು ಗ್ಲೈಸಿನ್‌ಗಳನ್ನು ಜೋಡಿಸಿದರು. 1907ರ ಹೊತ್ತಿಗೆ 15 ಗ್ಲೈಸಿನ್, 3 ಲ್ಯೂಸಿನ್ ಸೇರಿ 18 ಕೊಂಡಿಯಾಳುಗಳ ಸರಪಳಿ ಸಿದ್ಧವಾಯಿತು. ನಿಜವಾದ ಪ್ರೋಟೀನುಗಳು ಇದಕ್ಕಿಂತ ಬಹಳ ಉದ್ದ. ಇನ್ಸುಲಿನ್ ಚಿಕ್ಕದು, ಅದರಲ್ಲೇ 51 ಅಮೈನೋ ಆಮ್ಲಗಳಿವೆ.

ಈ ಸಾಧನೆಗೆ ಅವರು ತೆತ್ತ ಬೆಲೆ ದೊಡ್ಡದು. ತಾವೇ ಕಂಡುಹಿಡಿದ ಫೀನೈಲ್‌ಹೈಡ್ರಜೀನ್ ಎಂಬ ವಿಷಕಾರಿ ವಸ್ತುವಿನೊಡನೆ ವರ್ಷಗಟ್ಟಲೆ ಕೆಲಸ ಮಾಡಿ ಆರೋಗ್ಯ ಕೆಡಿಸಿಕೊಂಡರು. ಮದುವೆಯಾದ ಏಳೇ ವರ್ಷಕ್ಕೆ, 1895ರಲ್ಲಿ ಪತ್ನಿ ಆಗ್ನೆಸ್ ಮೂವರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡರು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಇಬ್ಬರು ಮಕ್ಕಳೂ ಹೋದರು. 1919ರ ಜುಲೈ 15ರಂದು ಫಿಷರ್ ನಿಧನರಾದರು. ಉಳಿದ ಒಬ್ಬ ಮಗ ಹರ್ಮನ್ ತಂದೆಯ ಹಾದಿಯನ್ನೇ ಹಿಡಿದು ರಸಾಯನಶಾಸ್ತ್ರಜ್ಞರಾದರು.