ಡಾ. ಲೆಸ್ಲಿ ಸಿ. ಕೋಲ್ಮನ್: ಮೈಸೂರು ಸಂಸ್ಥಾನದ ಪ್ರಥಮ ಕೃಷಿ ನಿರ್ದೇಶಕರು

ಮುಂಗಾರು ಆರಂಭವಾಗುವ ಮುನ್ನ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡಿನ ಪ್ರತಿಯೊಂದು ತೋಟದಲ್ಲಿಯೂ ವಾಡಿಕೆಯ ಕೆಲಸವಾಗಿದೆ. ಒಂದು ಶತಮಾನಕ್ಕೂ ಹಿಂದೆ ಈ ಪದ್ಧತಿಯನ್ನು ಮಲೆನಾಡಿನ ಮಳೆಗೆ ಹೊಂದುವಂತೆ ರೂಪಿಸಿ ರೈತರಿಗೆ ಒದಗಿಸಿದವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಕೆನಡಾ ದೇಶದ ಟೊರೊಂಟೊ ವಿಶ್ವವಿದ್ಯಾಲಯದ ಪದವೀಧರರಾದ ಇವರು ತಮ್ಮ ಸೇವಾವಧಿಯ ಬಹುಭಾಗವನ್ನು ಮೈಸೂರು ಸಂಸ್ಥಾನದ ಕೃಷಿ ಅಭಿವೃದ್ಧಿಗೆ ಮೀಸಲಿಟ್ಟರು. ಇವರ ಕಾಲದಲ್ಲಿ ಆರಂಭವಾದ ಹೆಬ್ಬಾಳದ ಕೃಷಿ ಶಾಲೆಯೇ ಮುಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ಅವರು 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ನಂತರ ಜರ್ಮನಿಗೆ ತೆರಳಿ, ಗಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಗಳಿಸಿದರು. ಸಸ್ಯರೋಗ, ಕೀಟ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳ ವಿಷಯದಲ್ಲಿ ಅವರಿಗೆ ದೊರೆತ ತರಬೇತಿಯು ಮುಂದಿನ ಕಾರ್ಯಕ್ಕೆ ಭದ್ರವಾದ ತಳಹದಿಯಾಯಿತು.

1908ರಲ್ಲಿ ಅವರು ಮೈಸೂರು ಸರ್ಕಾರದ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ನೇಮಕಗೊಂಡರು. ಆಗ ಸಂಸ್ಥಾನವನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು. ಮೂವತ್ತು ವರ್ಷ ವಯಸ್ಸಿನ ಈ ವಿಜ್ಞಾನಿಗೆ ಇಲ್ಲಿನ ಬೆಳೆಯಾಗಲೀ ಮಳೆಯಾಗಲೀ ಪರಿಚಿತವಾಗಿರಲಿಲ್ಲ.

ಕೊಳೆರೋಗದ ಸಮಸ್ಯೆ

ಅಂದಿನ ಮಲೆನಾಡಿನ ಅಡಿಕೆ ಬೆಳೆಗಾರರನ್ನು ತೀವ್ರವಾಗಿ ಬಾಧಿಸುತ್ತಿದ್ದುದು ಕೊಳೆರೋಗ. ಮಳೆಗಾಲದಲ್ಲಿ ಎಳೆಯ ಕಾಯಿಗಳ ಮೇಲೆ ನೀರು ತುಂಬಿದಂತಹ ಕಡುಹಸಿರು ಮಚ್ಚೆಗಳು ಕಾಣಿಸಿಕೊಂಡು, ಬಿಳಿಯ ಬೂಷ್ಟು ಹರಡಿ, ಕಾಯಿಗಳು ಉದುರಿ ಬೀಳುತ್ತಿದ್ದವು. ರೋಗವು ಸುಳಿಗೆ ತಗುಲಿದಲ್ಲಿ ಮರವೇ ಸಾಯುತ್ತಿತ್ತು. ಅಡಿಕೆ ಸಸಿಯು ಫಲ ಕೊಡಲು ಹಲವು ವರ್ಷಗಳು ಬೇಕು. ಆದುದರಿಂದ ಬೆಳೆ ಉದುರಿದರೆ ಆ ವರ್ಷದ ಆದಾಯ ನಷ್ಟವಾಗುತ್ತಿತ್ತು; ಮರ ಸತ್ತರೆ ಹಲವು ವರ್ಷಗಳ ಆದಾಯ ನಷ್ಟವಾಗುತ್ತಿತ್ತು. ತೋಟವೊಂದನ್ನೇ ನಂಬಿದ ಕುಟುಂಬಕ್ಕೆ ಇದು ಜೀವನದ ಪ್ರಶ್ನೆಯಾಗಿತ್ತು.

ರೈತರಲ್ಲಿ ಇದಕ್ಕೆ ತಮ್ಮದೇ ಆದ ಉಪಾಯವಿತ್ತು. ಕರಡದ ಹುಲ್ಲು ಅಥವಾ ಅಡಿಕೆ ಹಾಳೆಯಿಂದ ಕೊಟ್ಟೆ ಹೆಣೆದು, ಮಳೆನೀರು ತಾಗದಂತೆ ಕೊನೆಗಳಿಗೆ ಕಟ್ಟುತ್ತಿದ್ದರು. ಪ್ರತಿ ಮರವನ್ನೂ ಏರಿ ಪ್ರತಿ ಕೊನೆಗೂ ಕೊಟ್ಟೆ ಕಟ್ಟುವ ಈ ಕೆಲಸಕ್ಕೆ ಹೆಚ್ಚಿನ ಕೂಲಿ ಮತ್ತು ಶ್ರಮ ಬೇಕಾಗುತ್ತಿತ್ತು.

ಕೋಲ್ಮನ್ ಅವರು ರೋಗಪೀಡಿತ ಕಾಯಿಗಳನ್ನು ಪರೀಕ್ಷಿಸಿ, ಫೈಟಾಪ್ತೊರಾ ವರ್ಗದ ಸೂಕ್ಷ್ಮಜೀವಿಯೊಂದು ಈ ರೋಗಕ್ಕೆ ಕಾರಣವೆಂದು ಗುರುತಿಸಿದರು. ಅದರ ಬೀಜಕಣಗಳು ಮಳೆನೀರಿನ ಮೂಲಕ ಹರಡುತ್ತವೆ. ಈ ವಿಷಯವನ್ನು ಕುರಿತ ಅವರ ವರದಿಯು 1910ರಲ್ಲಿ ಪ್ರಕಟವಾಯಿತು. ರೋಗ ತಗುಲಿದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ, ಮಳೆಗೆ ಮೊದಲೇ ಕಾಯಿಯ ಮೇಲೆ ರಕ್ಷಣೆಯ ಲೇಪನವಿರಬೇಕೆಂಬ ಅಂಶವು ಇದರಿಂದ ಸ್ಪಷ್ಟವಾಯಿತು.

ಸುಲಭ ಬೆಲೆಯ ಪರಿಹಾರ

ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವು ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದಲೇ ಬಳಕೆಯಲ್ಲಿತ್ತು. ಆದರೆ ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಎಡೆಬಿಡದೆ ಸುರಿಯುವ ಮಳೆಯಲ್ಲಿ, ನುಣುಪಾದ ಅಡಿಕೆ ಕಾಯಿಯ ಮೇಲೆ ಈ ದ್ರಾವಣ ನಿಲ್ಲುವುದು ಕಷ್ಟವಾಗಿತ್ತು. ಕೋಲ್ಮನ್ ಅವರು ರಾಳ ಮತ್ತು ವಾಷಿಂಗ್ ಸೋಡಾಗಳಿಂದ ತಯಾರಿಸಿದ ಅಂಟನ್ನು ದ್ರಾವಣಕ್ಕೆ ಸೇರಿಸಿ ಈ ತೊಡಕನ್ನು ನಿವಾರಿಸಿದರು.

ಈ ಪರಿಹಾರದ ಹಿರಿಮೆಯು ಅದರ ಸರಳತೆಯಲ್ಲಿದೆ. ಬೇಕಾದ ಸಾಮಗ್ರಿಗಳು ಪೇಟೆಯಲ್ಲಿ ದೊರೆಯುವಂತಹವು. ದ್ರಾವಣವನ್ನು ರೈತರು ತಮ್ಮ ಅಂಗಳದಲ್ಲಿಯೇ ತಯಾರಿಸಿಕೊಳ್ಳಬಹುದು. ಕೊಟ್ಟೆ ಕಟ್ಟಲು ಮರವೇರುತ್ತಿದ್ದ ಕೊನೆಗಾರರೇ ಸಿಂಪಡಣೆಯನ್ನೂ ಮಾಡಬಲ್ಲರು. ಪ್ರಯೋಗಾಲಯದ ಜ್ಞಾನವು ಹೀಗೆ ರೈತನ ಕೈಗೆ ಎಟುಕುವಂತಾಯಿತು. ಶತಮಾನ ಕಳೆದರೂ ಅಡಿಕೆಯ ಕೊಳೆರೋಗ ನಿಯಂತ್ರಣದಲ್ಲಿ ಬೋರ್ಡೋ ದ್ರಾವಣಕ್ಕೆ ಪ್ರಮುಖ ಸ್ಥಾನವಿದೆ.

ಇತರ ಸಂಶೋಧನೆಗಳು

ಜೋಳದ ಬೆಳೆಯನ್ನು ನಾಶಪಡಿಸುತ್ತಿದ್ದ ದಖ್ಖನ್ ಪ್ರದೇಶದ ರೆಕ್ಕೆರಹಿತ ಮಿಡತೆಯನ್ನು ಕೋಲ್ಮನ್ ಅವರು ವಿವರವಾಗಿ ಅಭ್ಯಸಿಸಿದರು. ಈ ಕೀಟಕ್ಕೆ 1910ರಲ್ಲಿ ಅವರ ಗೌರವಾರ್ಥ ಕೋಲ್ಮೇನಿಯ ಎಂಬ ವೈಜ್ಞಾನಿಕ ಹೆಸರನ್ನು ಇಡಲಾಯಿತು. ಸಂಸ್ಥಾನದ ಬೊಕ್ಕಸಕ್ಕೆ ಆದಾಯ ತರುತ್ತಿದ್ದ ಶ್ರೀಗಂಧದ ಮರಗಳನ್ನು ಒಣಗಿಸುತ್ತಿದ್ದ ಸ್ಪೈಕ್ ರೋಗವು ಕಸಿಯ ಮೂಲಕ ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹರಡುತ್ತದೆ ಎಂಬುದನ್ನು ಅವರು ಪ್ರಯೋಗದಿಂದ ತೋರಿಸಿದರು. ಕಾಫಿಯನ್ನು ಬಾಧಿಸುವ ಹಸಿರು ಶಲ್ಕ ಕೀಟದ ಬಗ್ಗೆ ಭಾರತೀಯ ಕೀಟತಜ್ಞ ಶ್ರೀ ಕೆ. ಕುಞ್ಞಿಕಣ್ಣನ್ ಅವರೊಡನೆ ಕಾರ್ಯ ನಿರ್ವಹಿಸಿದರು. ಕಾಫಿ ಬೆಳೆಗಾರರ ಅನುಕೂಲಕ್ಕಾಗಿ 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಪ್ರಯೋಗ ಕೇಂದ್ರವೂ ಇವರ ಪ್ರಯತ್ನದ ಫಲವಾಗಿದೆ. ಅದು ಮುಂದೆ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು.

ಕೃಷಿ ಇಲಾಖೆ ಮತ್ತು ಹೆಬ್ಬಾಳದ ಶಾಲೆ

1913ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯು ಅಸ್ತಿತ್ವಕ್ಕೆ ಬಂದಿತು. ಕೋಲ್ಮನ್ ಅವರು ಅದರ ಪ್ರಥಮ ನಿರ್ದೇಶಕರಾದರು. ಅದೇ ವರ್ಷ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಹೆಬ್ಬಾಳದಲ್ಲಿ ವಸತಿಸಹಿತ ಕೃಷಿ ಶಾಲೆಯು ಪ್ರಾರಂಭವಾಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ನೀಡಿದ್ದ 30 ಎಕರೆ ಜಮೀನಿನಲ್ಲಿ ಅಲ್ಲಿ ಅದಾಗಲೇ ಪ್ರಯೋಗ ಕ್ಷೇತ್ರವಿತ್ತು. ಪಾಠ ಮತ್ತು ಪ್ರಯೋಗಗಳೆರಡೂ ಒಂದೆಡೆ ನಡೆಯಲು ಇದರಿಂದ ಅನುಕೂಲವಾಯಿತು. ಸಂಸ್ಥಾನದ ಜನರ ಮುಖ್ಯ ಆಹಾರವಾದ ರಾಗಿಯ ತಳಿ ಸುಧಾರಣೆಯೂ ಈ ಅವಧಿಯಲ್ಲಿ ನಡೆದು, ಎಚ್-22 ಎಂಬ ಆಯ್ದ ತಳಿಯು 1918ರಲ್ಲಿ ಬಿಡುಗಡೆಯಾಯಿತು.

ಮಂಡ್ಯ ಪ್ರದೇಶದ ಅಭಿವೃದ್ಧಿ

ಕೃಷ್ಣರಾಜಸಾಗರ ಜಲಾಶಯದ ನೀರು ಇರ್ವಿನ್ ನಾಲೆಯ ಮೂಲಕ ಮಂಡ್ಯ ಪ್ರದೇಶಕ್ಕೆ ಹರಿದಾಗ, ಮಳೆಯನ್ನೇ ಆಶ್ರಯಿಸಿದ್ದ ರೈತರು ನೀರಾವರಿ ಬೆಳೆಗಳನ್ನು ಹೊಸದಾಗಿ ಕಲಿಯಬೇಕಾಯಿತು. ಇದಕ್ಕಾಗಿ 1931ರಲ್ಲಿ ಮಂಡ್ಯದ ಬಳಿ ಪ್ರಯೋಗ ಕ್ಷೇತ್ರವನ್ನು ಸ್ಥಾಪಿಸಲಾಯಿತು. ನಾಲೆಗೆ ನಂತರ ವಿಶ್ವೇಶ್ವರಯ್ಯನವರ ಹೆಸರನ್ನಿಡಲಾಯಿತು; ಕ್ಷೇತ್ರವು ವಿ.ಸಿ. ಫಾರಂ ಎಂದು ಹೆಸರಾಯಿತು. ಬೆಳೆದ ಕಬ್ಬಿಗೆ ಮಾರುಕಟ್ಟೆ ಇಲ್ಲದಿದ್ದರೆ ರೈತರಿಗೆ ಪ್ರಯೋಜನವಿಲ್ಲವೆಂಬುದನ್ನು ಅರಿತ ಕೋಲ್ಮನ್ ಅವರು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೆ ಶ್ರಮಿಸಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಯಾಯಿತು.

ನಿವೃತ್ತಿ ಮತ್ತು ನಂತರದ ಬೆಳವಣಿಗೆ

1934ರಲ್ಲಿ ಕೋಲ್ಮನ್ ಅವರು ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. 1954ರಲ್ಲಿ ಅವರು ನಿಧನರಾದರು.

ಅವರು ಬಿಟ್ಟುಹೋದ ಸಂಸ್ಥೆಗಳು ಬೆಳೆಯುತ್ತಾ ಸಾಗಿದವು. ಹೆಬ್ಬಾಳದ ಶಾಲೆಯು 1946ರಲ್ಲಿ ಕೃಷಿ ಕಾಲೇಜಾಯಿತು. 1963ರಲ್ಲಿ ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ ಕೃಷಿ ವಿಶ್ವವಿದ್ಯಾಲಯದ ಅಧಿನಿಯಮವು ಅಂಗೀಕಾರವಾಗಿ, 1964ರ ಆಗಸ್ಟ್ 21ರಂದು ಅಂದಿನ ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅವರು ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಶ್ರೀ ಸಿ.ಎಚ್. ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ನಾಡಿನ ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಗುರುತಿಸುತ್ತಾರೆ. ಧಾರವಾಡದಲ್ಲಿ 1986ರಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮಗಳಲ್ಲಿ ವಾಸವಿದ್ದು ರೈತರೊಡನೆ ಕೆಲಸ ಮಾಡುವ ಪದ್ಧತಿಯೂ ಜಾರಿಗೆ ಬಂದಿತು.

ವಿಶ್ವವಿದ್ಯಾಲಯದಲ್ಲಿ ಗಳಿಸಿದ ವಿದ್ಯೆಯು ರೈತನ ಹೊಲ ಮತ್ತು ತೋಟವನ್ನು ತಲುಪಿದಾಗ ಮಾತ್ರ ಸಾರ್ಥಕವಾಗುತ್ತದೆ ಎಂಬುದಕ್ಕೆ ಡಾ. ಕೋಲ್ಮನ್ ಅವರ ಜೀವನವು ಉತ್ತಮ ನಿದರ್ಶನವಾಗಿದೆ.

ಅಡಿಕೆ ಬೆಳೆಗಾರರ ಗಮನಕ್ಕೆ

• ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ ಹಾಗೂ 100 ಲೀಟರ್ ನೀರು ಬೇಕಾಗುತ್ತದೆ.

• ಮೈಲುತುತ್ತ ಮತ್ತು ಸುಣ್ಣವನ್ನು ತಲಾ 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿದು ಕಲಕಬೇಕು. ಕಬ್ಬಿಣದ ಪಾತ್ರೆಯನ್ನು ಬಳಸಬಾರದು.

• ಸಿದ್ಧವಾದ ದ್ರಾವಣದಲ್ಲಿ ಹೊಳಪುಳ್ಳ ಕಬ್ಬಿಣದ ಚಾಕುವನ್ನು ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಪು ಲೇಪ ಕಂಡುಬಂದಲ್ಲಿ ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸಬೇಕು.

• ಮೊದಲ ಸಿಂಪಡಣೆಯನ್ನು ಮುಂಗಾರಿಗೆ ಮುನ್ನ ಹಾಗೂ ಎರಡನೆಯದನ್ನು 40ರಿಂದ 45 ದಿನಗಳ ನಂತರ ಕೈಗೊಳ್ಳಬೇಕು.

• ಹೆಚ್ಚಿನ ಮಾಹಿತಿ, ತಾಂತ್ರಿಕ ಸಲಹೆ ಹಾಗೂ ಸೌಲಭ್ಯಗಳ ಅರ್ಜಿಗಾಗಿ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.