ಶ್ರೀಮಧ್ವಾಚಾರ್ಯರು ಹತ್ತಿದ ಬದರಿಯ ಬೆಟ್ಟ

ಜಯನಗರದ ರಾಗಿಗುಡ್ಡದ ಮೆಟ್ಟಿಲು ಹತ್ತಿ ಶ್ರೀ ಪ್ರಸನ್ನಾಂಜನೇಯಸ್ವಾಮಿಯ ದರ್ಶನ ಪಡೆದ ಭಕ್ತಾದಿಗಳೇ, ಒಂದು ಗಳಿಗೆ ಕೂತು ಸುಧಾರಿಸಿಕೊಳ್ಳಿ. ಮಾರ್ಗಶಿರ ಮಾಸದ ಹನುಮಜ್ಜಯಂತಿಗೆ ಬಂದವರಾದರೆ ಇಲ್ಲಿಯ ಬೆಳಗಿನ ಚಳಿಯೂ ನಿಮಗೆ ಗೊತ್ತು. ಹನುಮ, ಭೀಮ, ಮಧ್ವ ಈ ಮೂವರೂ ವಾಯುದೇವರ ಅವತಾರಗಳೆಂದು ಮಾಧ್ವ ಸಂಪ್ರದಾಯ ನಂಬುತ್ತದೆ. ಆ ಮೂರನೆಯವರು ಹಿಮದ ಬೆಟ್ಟ ಹತ್ತಿದ ಕಥೆಯನ್ನು ಈಗ ತಿಳಿಯೋಣ.

ಉಡುಪಿಯ ಹತ್ತಿರದ ಪಾಜಕ ಕ್ಷೇತ್ರದಲ್ಲಿ ಕ್ರಿ.ಶ. 1238ರ ವಿಜಯದಶಮಿಯಂದು ಆಚಾರ್ಯರು ಜನಿಸಿದರು. ತಂದೆ ಮಧ್ಯಗೇಹ ಭಟ್ಟರು, ತಾಯಿ ವೇದವತಿ. ಮಗುವಿಗೆ ಇಟ್ಟ ಹೆಸರು ವಾಸುದೇವ. ಪಾಜಕದ ಪಕ್ಕದಲ್ಲೇ ದುರ್ಗಾದೇವಿಯ ಕುಂಜಾರುಗಿರಿ ಇದೆ. ಹಾಗಾಗಿ ಗುಡ್ಡ ಹತ್ತೋದು ಬಾಲಕನಿಗೆ ಆಟವೇ ಆಗಿತ್ತು ಅಂತ ಊರವರು ಇಂದಿಗೂ ಹೇಳ್ತಾರೆ. ಚಿಕ್ಕ ವಯಸ್ಸಿನಲ್ಲೇ ಅಚ್ಯುತಪ್ರಜ್ಞರಿಂದ ಸನ್ಯಾಸ ಸ್ವೀಕರಿಸಿ ಪೂರ್ಣಪ್ರಜ್ಞರಾದರು, ಮುಂದೆ ಆನಂದತೀರ್ಥರೆನಿಸಿದರು. ದಕ್ಷಿಣದ ಕ್ಷೇತ್ರಗಳನ್ನೆಲ್ಲ ಸುತ್ತಿ ಬಂದು, ಗೀತೆಗೆ ಭಾಷ್ಯ ರಚಿಸಿ, ಅದನ್ನು ನಾರಾಯಣನಿಗೆ ಅರ್ಪಿಸಲು ಶಿಷ್ಯರೊಡನೆ ಬದರಿಗೆ ಹೊರಟರು.

ಬದರಿ ಎಂದರೆ ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಎತ್ತರ. ಚಳಿಗಾಲದಲ್ಲಿ ಅಲ್ಲಿಯ ಗುಡಿ ಸುಮಾರು ಆರು ತಿಂಗಳು ಮುಚ್ಚಿರುತ್ತದೆ, ಅಷ್ಟು ಹಿಮ! ಕರಾವಳಿಯ ಸೆಕೆಯಲ್ಲಿ ಬೆಳೆದ ಶಿಷ್ಯರ ಪಾಡು ಏನಾಗಿರಬೇಡ, ನೀವೇ ಯೋಚಿಸಿ. ಆಚಾರ್ಯರಾದರೋ ಅಲ್ಲಿಯ ಅನಂತಮಠದಲ್ಲಿದ್ದುಕೊಂಡು, ಯಾರೂ ಮುಟ್ಟಲಾರದ ಆ ತಣ್ಣೀರಿನಲ್ಲಿ ಬೆಳಗಾಗುವ ಮುನ್ನವೇ ಸ್ನಾನ ಮಾಡುತ್ತಿದ್ದರು. ಉಪವಾಸ, ಕಾಷ್ಠಮೌನ. ಈ ವ್ರತ 48 ದಿನ ನಡೆಯಿತು ಎನ್ನುತ್ತಾರೆ. ಕೊನೆಗೆ, ಮಾತು ಆಡದೆ, ಬರೆದು ತಿಳಿಸಿದರು. ವೇದವ್ಯಾಸರನ್ನು ಕಾಣಲು ಮೇಲಿನ ಬದರಿಗೆ ಹೋಗುತ್ತಿರುವುದಾಗಿಯೂ, ತಿರುಗಿ ಬರುವುದು ದೇವರ ಚಿತ್ತವೆಂದೂ ಅದರ ತಾತ್ಪರ್ಯ. ಶಿಷ್ಯರಿಗೆ ಎದೆಯೊಡೆದಂತಾಯಿತು.

ಎಲ್ಲರೂ ಅಳುತ್ತಾ ನಿಂತರು. ಒಬ್ಬರು ಮಾತ್ರ ಬೆನ್ನಟ್ಟಿ ಹೊರಟರು. ಅವರೇ ಸತ್ಯತೀರ್ಥರು. ಗುರುಗಳ ಮುಖದಿಂದ ಐತರೇಯದ ಪಾಠವನ್ನು ಮೂರು ಸಲ ಕೇಳಿದ್ದವರು, ಬಿಟ್ಟಿರಲಾರದ ಒಡನಾಡಿ. ಮುಂದೆ ಆಚಾರ್ಯರು ಹನುಮನಂತೆ ಬಂಡೆಯಿಂದ ಬಂಡೆಗೆ ಹಾರುತ್ತಿದ್ದಾರೆ, ಹಿಂದೆ ಇವರು ಏದುಸಿರು ಬಿಡುತ್ತಾ ಓಡುತ್ತಿದ್ದಾರೆ. ಎಷ್ಟು ಓಡಿದರೂ ಅಂತರ ಕಮ್ಮಿ ಆಗಲಿಲ್ಲ. ಮುಂದೆ ಬಂದರೆ ಈತ ಉಳಿಯಲಾರ ಎಂದು ಆಚಾರ್ಯರಿಗೆ ತಿಳಿಯದೆ ಇರುತ್ತದೆಯೇ? ತಿರುಗಿ ನೋಡಿ ಕೈಸನ್ನೆ ಮಾಡಿದರು. ಗಾಳಿಯೇ ಹೊತ್ತು ತಂದಂತೆ ಸತ್ಯತೀರ್ಥರು ಕ್ಷಣದಲ್ಲಿ ಗೆಳೆಯರ ನಡುವೆ ಬಂದಿಳಿದರಂತೆ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಈ ಪ್ರಸಂಗ ಬಂದಿದೆ.

ಪಾಪ, ಅಷ್ಟು ದೂರ ಹೋಗಿಯೂ ಬರಿಗೈಲಿ ಬಂದರಲ್ಲ ಅನ್ನಿಸುತ್ತದೆ ಅಲ್ಲವೇ? ಮುಂದೆ ಕೇಳಿ. ವ್ಯಾಸರ ಅನುಗ್ರಹ ಪಡೆದು ಆಚಾರ್ಯರು ಅನಂತಮಠಕ್ಕೆ ಮರಳಿದರು. ಬ್ರಹ್ಮಸೂತ್ರಗಳಿಗೆ ಭಾಷ್ಯ ಹೇಳತೊಡಗಿದರು. ಅದನ್ನು ಬರೆದುಕೊಳ್ಳುವ ಭಾಗ್ಯ ಯಾರದಾಯಿತು ಗೊತ್ತೇ? ಅದೇ ಸತ್ಯತೀರ್ಥರದು! ಶಿಖರ ಇವರಿಗೆ ದಕ್ಕಲಿಲ್ಲ, ಶಿಖರದಿಂದ ಬಂದದ್ದು ಮೊದಲು ಇವರ ಕೈಗೇ ಬಂತು.

ಆಮೇಲಿನದು ಎಲ್ಲರಿಗೂ ತಿಳಿದದ್ದೇ. ಉಡುಪಿಯಲ್ಲಿ ಶ್ರೀಕೃಷ್ಣನ ಪ್ರತಿಷ್ಠೆ, ಪೂಜೆಗೆ ಎಂಟು ಮಠದ ಯತಿಗಳು, ಒಟ್ಟು 37 ಗ್ರಂಥಗಳು, ಮತ್ತೊಮ್ಮೆ ಬದರಿ ಯಾತ್ರೆ. 1317ರ ಮಾಘ ಶುದ್ಧ ನವಮಿಯಂದು ಉಡುಪಿಯ ಅನಂತೇಶ್ವರ ಗುಡಿಯಲ್ಲಿ ಐತರೇಯದ ಪಾಠ ಹೇಳುತ್ತಿದ್ದ ಹಾಗೆಯೇ ಆಚಾರ್ಯರು ಪುಷ್ಪವೃಷ್ಟಿಯ ನಡುವೆ ಕಣ್ಮರೆಯಾಗಿ ಬದರಿಗೆ ತೆರಳಿದರೆಂದು ನಂಬಿಕೆ. ಆ ದಿನವೇ ಮಧ್ವನವಮಿ. ಈ ಸಲವೂ ಒಬ್ಬರೇ ಹೋದರು. ಪಾಠ ಮಾತ್ರ ಶಿಷ್ಯರಲ್ಲಿ ಉಳಿಯಿತು.

ನಿಮ್ಮ ಜೊತೆ ಬಂದ ಅಜ್ಜಿಯೋ ತಾತನೋ ಮಂಡಿನೋವೆಂದು ಮೆಟ್ಟಿಲ ಕೆಳಗೇ ಕೂತಿರಬಹುದು. ಅವರ ಯಾತ್ರೆ ಅರ್ಧಕ್ಕೆ ನಿಂತಿತೆಂದು ತಿಳಿಯಬೇಡಿ. ಇಳಿಯುವಾಗ ತೀರ್ಥಪ್ರಸಾದವನ್ನು ಮೊದಲು ಅವರ ಕೈಗೇ ಕೊಡಿ.

ಶ್ರೀಕೃಷ್ಣಾರ್ಪಣಮಸ್ತು