ಚಿತ್ರಗಳಿಗೊಂದು ಬ್ಯಾಂಕು ಕಟ್ಟಿದ ಒಸಾಮು ತೆಜುಕಾ

ಡೋರೆಮಾನ್ ಎಂಬ ನೀಲಿ ಬೆಕ್ಕನ್ನು ಅರಿಯದ ಮಕ್ಕಳು ನಮ್ಮ ಮಹಾನಗರಗಳ ಮನೆಗಳಲ್ಲಿ ವಿರಳ. ಆ ಬೆಕ್ಕನ್ನು ಸೃಷ್ಟಿಸಿದ ಫುಜಿಕೊ ಫುಜಿಯೊ ಎಂಬ ಜೋಡಿ ಕಲಾವಿದರು ತಮ್ಮ ಯೌವನದಲ್ಲಿ ಟೋಕಿಯೋ ನಗರದ 'ತೊಕಿವಾ-ಸೋ' ಎಂಬ ಹಳೆಯ ಮರದ ವಠಾರದ ಒಂದು ಕೋಣೆಯಲ್ಲಿ ವಾಸವಾಗಿದ್ದರು. ಅದೇ ಕೋಣೆಯಲ್ಲಿ ಅವರಿಗಿಂತ ಮೊದಲು ಇದ್ದವರು, 1954ರಲ್ಲಿ ಅದನ್ನು ತೆರವು ಮಾಡುವಾಗ ತಾವು ಕಟ್ಟಿದ್ದ ಮುಂಗಡ ಹಣವನ್ನು ಹಿಂಪಡೆಯದೆ ಕೈಯಲ್ಲಿ ಕಾಸಿಲ್ಲದ ಈ ಹುಡುಗರಿಗಾಗಿ ಬಿಟ್ಟುಕೊಟ್ಟು ಹೋದರು. ಹಾಗೆ ಬಿಟ್ಟುಕೊಟ್ಟ ಹಿರಿಯ ಕಲಾವಿದರಿಗೆ ಆಗ ಇಪ್ಪತ್ತೈದರ ಹರೆಯ. ಅವರೇ ಒಸಾಮು ತೆಜುಕಾ. ಜಪಾನಿನ ಚಿತ್ರಕಥಾ ಸಾಹಿತ್ಯಕ್ಕೂ ದೂರದರ್ಶನದ ಅನಿಮೇಷನ್ ಕಲೆಗೂ ಅಡಿಪಾಯ ಹಾಕಿದವರು.

ಮೂರು ದಶಕಗಳಿಂದ ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಬದುಕಿರುವ ನನಗೆ ಈ ಮಹನೀಯರ ಜೀವನ ಬೇರೆಯೇ ಒಂದು ಕಾರಣಕ್ಕೆ ಆಕರ್ಷಕವಾಗಿದೆ. ಹಣದ ವಿಷಯದಲ್ಲಿ ಅವರು ತೆಗೆದುಕೊಂಡ ಒಂದು ನಿರ್ಧಾರ ಒಂದು ಇಡೀ ಉದ್ಯಮದ ಹಣೆಬರಹವನ್ನು ಬರೆಯಿತು. ಅದರ ಬೆಲೆಯನ್ನು ಅವರೂ ತೆತ್ತರು, ಅವರ ನಂತರದವರೂ ತೆತ್ತರು.

ತೆಜುಕಾ ಜನಿಸಿದ್ದು 1928ರ ನವೆಂಬರ್ 3ರಂದು, ಒಸಾಕಾ ಪ್ರಾಂತದ ತೊಯೊನಾಕಾದಲ್ಲಿ. ಬೆಳೆದದ್ದು ಸಮೀಪದ ತಕಾರಾಜುಕಾ ಎಂಬ ಊರಿನಲ್ಲಿ. ಸ್ತ್ರೀಯರೇ ಎಲ್ಲ ಪಾತ್ರಗಳನ್ನೂ ವಹಿಸುವ ಸಂಗೀತ ನಾಟಕ ಮಂಡಳಿಗೆ ಆ ಊರು ಹೆಸರುವಾಸಿ. ತಾಯಿ ಮಗನನ್ನು ಆಗಾಗ ಆ ನಾಟಕಗಳಿಗೆ ಕರೆದೊಯ್ಯುತ್ತಿದ್ದರು. ತಂದೆಯ ಬಳಿ ಮನೆಯಲ್ಲೇ ಓಡಿಸಬಹುದಾದ ಪುಟ್ಟ ಪ್ರೊಜೆಕ್ಟರ್ ಇತ್ತು. ಅದರ ಬೆಳಕಿನಲ್ಲಿ ಚಾಪ್ಲಿನ್ ಮತ್ತು ಡಿಸ್ನಿ ಚಿತ್ರಗಳನ್ನು ನೋಡುತ್ತ ಬಾಲಕ ಬೆಳೆದ. ಗುಂಗುರು ಕೂದಲಿನ, ಕೃಶ ದೇಹದ ಹುಡುಗನನ್ನು ಶಾಲೆಯಲ್ಲಿ ಇತರರು ಗೇಲಿ ಮಾಡುತ್ತಿದ್ದರು. ಚಿತ್ರ ಬರೆಯುವುದು ಮತ್ತು ಹುಳುಹುಪ್ಪಟೆಗಳನ್ನು ಸಂಗ್ರಹಿಸುವುದು ಅವನಿಗೆ ಆಸರೆಯಾದವು. ಜಪಾನಿನಲ್ಲಿ 'ಒಸಾಮುಷಿ' ಎಂಬ ಒಂದು ಜಾತಿಯ ಜೀರುಂಡೆಯಿದೆ. ತನ್ನ ಹೆಸರಿನ ದನಿಯೇ ಅದರಲ್ಲಿರುವುದನ್ನು ಕಂಡ ಬಾಲಕ ಹೆಸರಿನ ಅಕ್ಷರದ ಪಕ್ಕದಲ್ಲಿ ಕೀಟ ಎಂಬರ್ಥದ ಅಕ್ಷರವನ್ನು ಸೇರಿಸಿಕೊಂಡ. ಆ ಅಕ್ಷರ ಕೊನೆಯವರೆಗೂ ಅವರ ಕಾವ್ಯನಾಮದಲ್ಲಿ ಉಳಿಯಿತು.

ಯುದ್ಧದ ಕೊನೆಯ ವರ್ಷಗಳಲ್ಲಿ ವಿದ್ಯಾರ್ಥಿಗಳನ್ನು ಕಾರ್ಖಾನೆಗಳ ಕೆಲಸಕ್ಕೆ ಹಚ್ಚಲಾಗಿತ್ತು. 1945ರ ಜೂನ್ ತಿಂಗಳಲ್ಲಿ ಒಸಾಕಾದ ಮೇಲೆ ಬಾಂಬಿನ ಮಳೆ ಸುರಿದಾಗ ತೆಜುಕಾ ಕಾರ್ಖಾನೆಯ ಕಾವಲು ಗೋಪುರದ ಮೇಲಿದ್ದರು. ಕೂದಲೆಳೆಯಲ್ಲಿ ಪ್ರಾಣ ಉಳಿಯಿತು. ಆ ದಿನ ಕಂಡ ಸುಟ್ಟ ಊರು, ನದಿಯ ದಂಡೆಯ ಹೆಣಗಳು ಮುಂದೆ ಅವರ ಅನೇಕ ಕೃತಿಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತವೆ. ಅದಕ್ಕೆ ಎರಡು ತಿಂಗಳ ಹಿಂದೆ, ಏಪ್ರಿಲ್‌ನಲ್ಲಿ, ಬಹುಪಾಲು ಖಾಲಿಯಾಗಿದ್ದ ಒಸಾಕಾದ ಚಿತ್ರಮಂದಿರವೊಂದರಲ್ಲಿ ಅವರು ಮೊಮೊತಾರೋ ಎಂಬ ಜನಪದ ವೀರನ ಕುರಿತ ಅನಿಮೇಷನ್ ಚಿತ್ರವನ್ನು ನೋಡಿದ್ದರು. ನೌಕಾಪಡೆ ಮಾಡಿಸಿದ ಯುದ್ಧ ಪ್ರಚಾರದ ಚಿತ್ರ ಅದು. ಆದರೆ ಹದಿನಾರರ ಹುಡುಗನನ್ನು ಕಲಕಿದ್ದು ಅದರ ಪ್ರಚಾರವಲ್ಲ. ಪ್ರಚಾರದ ಮರೆಯಲ್ಲಿ ಮಿನುಗಿದ ಮೃದುವಾದ ಕಾವ್ಯಗುಣಕ್ಕೆ ಅವರು ಕಣ್ಣೀರಿಟ್ಟರು. ಜೀವಮಾನದಲ್ಲಿ ಒಂದಾದರೂ ಅನಿಮೇಷನ್ ಚಿತ್ರ ಮಾಡಲೇಬೇಕೆಂಬ ಸಂಕಲ್ಪ ಅಂದು ಮೂಡಿತು.

ಆ ಸಂಕಲ್ಪ ಈಡೇರಲು ಹದಿನೇಳು ವರ್ಷ ಬೇಕಾಯಿತು. ಅಷ್ಟರಲ್ಲಿ ಅವರು ಒಸಾಕಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ ಪರೀಕ್ಷೆ ಗೆದ್ದರು. 1961ರಲ್ಲಿ, ಬಸವನಹುಳುವಿನ ಜಾತಿಯ ಜೀವಿಯೊಂದರ ವೀರ್ಯಕೋಶಗಳನ್ನು ಕುರಿತ ಸಂಶೋಧನೆಗೆ ವೈದ್ಯಕೀಯ ಡಾಕ್ಟರೇಟ್ ಪದವಿಯನ್ನೂ ಪಡೆದರು. ಆದರೆ ವೈದ್ಯರಾಗಿ ವೃತ್ತಿ ನಡೆಸಲಿಲ್ಲ. ಯಾವ ದಾರಿ ಹಿಡಿಯಲಿ ಎಂದು ಕೇಳಿದಾಗ ತಾಯಿ ಅವರ ಮನಸ್ಸು ಎಲ್ಲಿದೆಯೋ ಅದನ್ನೇ ಮಾಡುವಂತೆ ಹೇಳಿದರಂತೆ. ಜಪಾನೀಯರು 'ಮಾಂಗಾ' ಎನ್ನುವ ಚಿತ್ರಕಥೆಗಳಲ್ಲಿ ಅವರು ಆಗಲೇ ಪ್ರಸಿದ್ಧರಾಗಿದ್ದರು. 1947ರಲ್ಲಿ ಸಾಕಾಯಿ ಶಿಚಿಮಾ ಅವರೊಂದಿಗೆ ಹೊರತಂದ 'ಶಿನ್ ತಕಾರಾಜಿಮಾ' ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಗಿತ್ತು. ಕಾಗದದ ಮೇಲೆಯೇ ಕ್ಯಾಮೆರಾ ಓಡಿದಂತೆ, ದೂರದ ನೋಟ ಸಮೀಪದ ನೋಟಗಳನ್ನು ಬೆಸೆಯುತ್ತ ಕಥೆ ಹೇಳುವ ಅವರ ವಿಧಾನಕ್ಕೆ ಒಂದು ತಲೆಮಾರಿನ ಮಕ್ಕಳೇ ಮಾರುಹೋದರು. ಬಿಳಿ ಸಿಂಹದ ಕಥೆ 'ಜಂಗುರು ತೈತೇ' 1950ರಲ್ಲಿಯೂ, ಯಂತ್ರ ಬಾಲಕ ಆಟಮ್‌ನ ಕಥೆ 1952ರಲ್ಲಿಯೂ ಧಾರಾವಾಹಿಯಾಗಿ ಆರಂಭಗೊಂಡವು.

ಕಥೆಗಳಿಂದ ಬಂದ ಹಣವನ್ನೆಲ್ಲ ಅವರು ಅನಿಮೇಷನ್ನಿಗೆ ಸುರಿದರು. ಡಿಸ್ನಿಯ 'ಬಾಂಬಿ' ಚಿತ್ರವನ್ನು ಎಂಬತ್ತಕ್ಕೂ ಹೆಚ್ಚು ಸಲ ನೋಡಿದ್ದಾಗಿ ಹೇಳಿಕೊಳ್ಳುತ್ತಿದ್ದ ಮನುಷ್ಯ ಅವರು. ಜಿಂಕೆಮರಿಯ ಒಂದೊಂದು ಹೆಜ್ಜೆಯಲ್ಲಿ ಎಷ್ಟು ಚಿತ್ರಗಳ ಶ್ರಮ ಅಡಗಿದೆಯೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1961ರಲ್ಲಿ ಟೋಕಿಯೋದ ನೆರಿಮಾ ಭಾಗದ ತಮ್ಮ ಮನೆಯ ಆವರಣದಲ್ಲಿಯೇ ಬೆರಳೆಣಿಕೆಯ ಜನರೊಡನೆ ಅನಿಮೇಷನ್ ಕೆಲಸ ಆರಂಭಿಸಿದರು. ಮರುವರ್ಷ ಆ ಸಂಸ್ಥೆಗೆ 'ಮುಷಿ' ಎಂದರೆ ಕೀಟ ಎಂಬ ಹೆಸರೇ ಬಂತು. 1962ರಲ್ಲಿ ಹೊರಬಂದ ಮೊದಲ ಚಿತ್ರ 'ಒಂದು ಬೀದಿ ತಿರುವಿನ ಕಥೆ'. ಸಂಭಾಷಣೆಯಿಲ್ಲದ, ಸುಮಾರು ನಲವತ್ತು ನಿಮಿಷದ ಚಿತ್ರ. ಗೋಡೆಗೆ ಅಂಟಿಸಿದ ಭಿತ್ತಿಪತ್ರಗಳು, ಒಂದು ಇಲಿಮರಿ, ಒಂದು ಮರ, ಒಬ್ಬ ಪುಟ್ಟ ಹುಡುಗಿಯ ಕರಡಿ ಬೊಂಬೆ ಇವೇ ಪಾತ್ರಗಳು. ಭಿತ್ತಿಪತ್ರಗಳಲ್ಲಿನ ಪಿಟೀಲು ವಾದಕ ಮತ್ತು ಪಿಯಾನೋ ವಾದಕಿ ಪರಸ್ಪರ ಒಲಿಯುತ್ತಾರೆ. ಅಷ್ಟರಲ್ಲಿ ಸರ್ವಾಧಿಕಾರಿಯ ಭಿತ್ತಿಪತ್ರಗಳು ಗೋಡೆಯನ್ನೆಲ್ಲ ಆಕ್ರಮಿಸುತ್ತವೆ, ಯುದ್ಧ ಬರುತ್ತದೆ, ಬೀದಿ ಬೂದಿಯಾಗುತ್ತದೆ. ಜಪಾನಿನ ಮೊದಲ ಒಫುಜಿ ನೊಬುರೊ ಪ್ರಶಸ್ತಿ ಈ ಚಿತ್ರಕ್ಕೆ ಸಂದಿತು. 1945ರ ಹುಡುಗನ ಸಂಕಲ್ಪ ಹೀಗೆ ಕೈಗೂಡಿತು.

ಆದರೆ ಬಹುಮಾನದಿಂದ ನೌಕರರ ಸಂಬಳ ಹುಟ್ಟುವುದಿಲ್ಲ. ತೆಜುಕಾ ದೂರದರ್ಶನದತ್ತ ತಿರುಗಿದರು. ಪ್ರತಿ ವಾರ ಅರ್ಧ ಗಂಟೆಯ ಅನಿಮೇಷನ್ ಕಂತು ತಯಾರಿಸುವುದು ಆ ದೇಶದಲ್ಲಿ ಯಾರೂ ಕೈಹಾಕದಿದ್ದ ಸಾಹಸ. ಓದುಗರು ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಜಾಹೀರಾತು ಕಳೆದು 25 ನಿಮಿಷಕ್ಕೆ 36,000 ಚೌಕಟ್ಟು. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿದರೂ ವಾರಕ್ಕೆ 18,000 ಚಿತ್ರ ಬೇಕು. ತೆಜುಕಾ ಒಂದನ್ನು ಮೂರು ಚೌಕಟ್ಟಿಗೆ ಬಳಸಿದರು. ಅದೂ ಸಾಲದೆಂದು ಮುಖ ಅಲುಗದೆ ಬಾಯಿ ಮಾತ್ರ ಆಡುವಂತೆ, ಪಾತ್ರ ನಿಂತಿದ್ದು ಹಿನ್ನೆಲೆ ಮಾತ್ರ ಸರಿಯುವಂತೆ, ಕೆಲವೆಡೆ ಸ್ತಬ್ಧ ಚಿತ್ರವೇ ಕಥೆ ಹೇಳುವಂತೆ ಮಾಡಿದರು. ಆಟಮ್ ಹಾರುವ, ಓಡುವ, ತಲೆ ತಿರುಗಿಸುವ ಚಿತ್ರಗಳನ್ನು ವಿಂಗಡಿಸಿ ಕಾಪಿಟ್ಟು ಬೇರೆ ಬೇರೆ ಕಂತುಗಳಲ್ಲಿ ಹಿನ್ನೆಲೆ ಬದಲಿಸಿ ಪುನಃ ಉಪಯೋಗಿಸಿದರು. ಈ ಸಂಗ್ರಹಕ್ಕೆ ಅವರು ಇಟ್ಟ ಹೆಸರು 'ಬ್ಯಾಂಕ್'! ಎಷ್ಟು ಸಲ ಹಿಂಪಡೆದರೂ ಶಿಲ್ಕು ಕರಗದ ಇಂಥ ಖಾತೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ.

'ತೆತ್ಸುವಾನ್ ಆಟಮು' 1963ರ ಜನವರಿ 1ರಂದು ಫುಜಿ ದೂರದರ್ಶನದಲ್ಲಿ ಆರಂಭವಾಯಿತು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬ ಮಗನದೇ ರೂಪದ ಯಂತ್ರ ಬಾಲಕನನ್ನು ನಿರ್ಮಿಸುತ್ತಾನೆ. ಯಂತ್ರ ಬೆಳೆಯುವುದಿಲ್ಲವೆಂದು ಅರಿವಾದೊಡನೆ ಅದನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಮಕ್ಕಳ ಕಥೆಗೆ ಎಂತಹ ಕಠೋರ ಆರಂಭ! ಒಲ್ಲದ ತಂದೆ, ಯಂತ್ರಗಳನ್ನು ಕೀಳಾಗಿ ಕಾಣುವ ಮನುಷ್ಯರು, ಆದರೂ ಮನುಷ್ಯರನ್ನೇ ಕಾಪಾಡುವ ಬಾಲಕ. ಚಲನೆ ಕುಂಟಿದರೂ ಕಥೆ ಕುಂಟಲಿಲ್ಲ. ನೋಡುಗರ ಪ್ರಮಾಣ ಒಂದು ಹಂತದಲ್ಲಿ ಶೇಕಡಾ 40ನ್ನು ದಾಟಿತು. ಅದೇ ವರ್ಷ 'ಆಸ್ಟ್ರೋ ಬಾಯ್' ಎಂಬ ಹೆಸರಿನಲ್ಲಿ ಅಮೆರಿಕದಲ್ಲಿಯೂ ಪ್ರಸಾರವಾಯಿತು. 193 ಕಂತುಗಳ ನಂತರ 1966ರ ಡಿಸೆಂಬರ್ 31ರಂದು ಆಟಮ್ ಭೂಮಿಯನ್ನು ಉಳಿಸಲು ಸೂರ್ಯನತ್ತ ಹಾರಿಹೋದ.

ಇನ್ನು ಹಣದ ವಿಷಯ. ತೆಜುಕಾ ಒಂದೊಂದು ಕಂತನ್ನೂ ತಯಾರಿಕೆಯ ವೆಚ್ಚಕ್ಕಿಂತ ಬಹಳ ಕಡಿಮೆ ದರಕ್ಕೆ ಒಪ್ಪಿಕೊಂಡರು. ಸುಮಾರು ಐದೂವರೆ ಲಕ್ಷ ಯೆನ್ ಎಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ನಿಖರ ಮೊತ್ತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ನಷ್ಟದ ದರ ಎಂಬುದರಲ್ಲಿ ಇಲ್ಲ. ಕೊರತೆಯನ್ನು ಆಟಿಕೆ, ಮಿಠಾಯಿಗಳ ಮೇಲೆ ಆಟಮ್‌ನ ಚಿತ್ರ ಮುದ್ರಿಸುವ ಹಕ್ಕು, ವಿದೇಶೀ ಮಾರಾಟ ಮತ್ತು ತಮ್ಮದೇ ಲೇಖನಿಯ ಸಂಪಾದನೆಯಿಂದ ತುಂಬಿಸಿದರು. ಇಂತಹ ಯೋಜನೆಯ ಸಾಲದ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ನಾನು ಮಂಜೂರಾತಿಗೆ ಶಿಫಾರಸು ಮಾಡುತ್ತಿರಲಿಲ್ಲ. ಬರಬಹುದಾದ ಆದಾಯವನ್ನು ಬಂದ ಆದಾಯವೆಂದು ಬರೆದುಕೊಳ್ಳುವವರು ಯಾವ ದೇಶದಲ್ಲಾದರೂ ಎಡವುತ್ತಾರೆ. ಇಲ್ಲಿ ಎಡವಿದ್ದು ಒಬ್ಬರಲ್ಲ. ಒಮ್ಮೆ ಆ ದರ ರೂಢಿಯಾದ ಮೇಲೆ ಪ್ರಸಾರ ಸಂಸ್ಥೆಗಳು ಇತರ ತಯಾರಕರಿಗೂ ಅಷ್ಟೇ ಕೊಡತೊಡಗಿದವು. ಚಿತ್ರ ಬರೆಯುವ ಕೆಲಸಗಾರರ ಕೂಲಿ ಏರಲಿಲ್ಲ, ದುಡಿಮೆಯ ಗಂಟೆಗಳು ಇಳಿಯಲಿಲ್ಲ. ತೆಜುಕಾ ತೀರಿಕೊಂಡ ವರ್ಷವೇ ಹಯಾವೊ ಮಿಯಾಜಾಕಿ ಈ ಕಾರಣಕ್ಕಾಗಿ ಅವರನ್ನು ಕಟುವಾಗಿ ಟೀಕಿಸಿ ಬರೆದರು. ಶ್ರದ್ಧಾಂಜಲಿಯ ಹೊತ್ತಿನಲ್ಲಿ ಅದು ಒರಟೆನಿಸಬಹುದು, ಅಸತ್ಯವೆನ್ನಲಾಗದು. ಆದರೆ ಆ ಅಗ್ಗದ ದರವಿಲ್ಲದಿದ್ದರೆ ವಾರದ ಧಾರಾವಾಹಿಗೆ ಹಣ ಹೂಡುವ ಧೈರ್ಯ ಯಾರಿಗೂ ಅಷ್ಟು ಬೇಗ ಬರುತ್ತಿರಲಿಲ್ಲವೆಂಬುದನ್ನೂ ಖಾತೆಯ ಇನ್ನೊಂದು ಬದಿಯಲ್ಲಿ ಬರೆಯಬೇಕಾಗುತ್ತದೆ.

1965ರಲ್ಲಿ ಬಿಳಿ ಸಿಂಹದ ಕಥೆ ಜಪಾನಿನ ಮೊದಲ ವರ್ಣಮಯ ಅನಿಮೇಷನ್ ಧಾರಾವಾಹಿಯಾಗಿ ಬಂತು. ಸಂಸ್ಥೆ ನೂರಾರು ನೌಕರರ ದೊಡ್ಡ ಸಂಸಾರವಾಯಿತು. ಅಮೆರಿಕದ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ತಮ್ಮ '2001' ಚಿತ್ರದ ಕಲಾ ನಿರ್ದೇಶನಕ್ಕೆ ಕರೆದಿದ್ದರೆಂದೂ, ಅಷ್ಟು ಜನರ ಅನ್ನದ ಹೊಣೆ ಬಿಟ್ಟು ಬರಲಾಗದೆಂದು ತಾವು ನಿರಾಕರಿಸಿದುದಾಗಿಯೂ ತೆಜುಕಾ ಹೇಳಿಕೊಂಡಿದ್ದಾರೆ. ವಯಸ್ಕರಿಗಾಗಿ ಮಾಡಿದ 'ಸಾವಿರದೊಂದು ರಾತ್ರಿ' (1969), 'ಕ್ಲಿಯೋಪಾತ್ರಾ' (1970) ಚಿತ್ರಗಳಿಂದ ಸಂಸ್ಥೆ ಚೇತರಿಸಿಕೊಳ್ಳಲಿಲ್ಲ. 1971ರಲ್ಲಿ ಅವರು ಅಧ್ಯಕ್ಷ ಸ್ಥಾನದಿಂದ ಇಳಿದರು. 1973ರ ನವೆಂಬರಿನಲ್ಲಿ 'ಮುಷಿ' ದಿವಾಳಿಯಾಯಿತು. ಸಾಲದ ಹೊರೆ ಅವರ ಹೆಗಲಿಗೂ ಬಿತ್ತು. ಅಲ್ಲಿ ಪಳಗಿದ ಒಸಾಮು ದೆಜಾಕಿ, ರಿಂತಾರೊ, ಯೊಶಿಯುಕಿ ತೊಮಿನೊ ಮುಂತಾದವರು ಮುಂದೆ ಹೆಸರಾಂತ ನಿರ್ದೇಶಕರಾದರು.

ತೆಜುಕಾ ಮುಗಿದ ಅಧ್ಯಾಯವೆಂದು ಪತ್ರಿಕಾ ವಲಯ ಭಾವಿಸಿದ್ದ ಆ ನವೆಂಬರಿನಲ್ಲಿಯೇ ಅವರ 'ಬ್ಲ್ಯಾಕ್ ಜಾಕ್' ಆರಂಭವಾಯಿತು. ಪರವಾನಗಿಯಿಲ್ಲದ, ರೋಗಿಗಳಿಂದ ವಿಪರೀತ ಹಣ ಕೇಳುವ, ಆದರೆ ಅದ್ಭುತ ಕೈಗುಣದ ಶಸ್ತ್ರವೈದ್ಯನ ಕಥೆ. ಓದಿದ ವೈದ್ಯಶಾಸ್ತ್ರವೂ ಅನುಭವಿಸಿದ ಸಾಲವೂ ಒಟ್ಟಿಗೆ ಉಪಯೋಗಕ್ಕೆ ಬಂದವು ಎನ್ನಬಹುದೇನೋ. ಹತ್ತು ವರ್ಷ ನಡೆದ ಈ ಕಥಾಮಾಲೆ ಅವರನ್ನು ಪುನಃ ಎತ್ತಿ ನಿಲ್ಲಿಸಿತು. ಗೌತಮನ ಜೀವನವನ್ನು ಕಪಿಲವಸ್ತುವಿನಿಂದ ಹಿಡಿದು ಚಿತ್ರಿಸಿದ 'ಬುದ್ಧ' (1972-1983) ಇದೇ ಕಾಲದ್ದು. ಅದರ ಇಂಗ್ಲಿಷ್ ಅನುವಾದ ಎಂಟು ಸಂಪುಟಗಳಲ್ಲಿ ಬಂದಿದೆ. ಶಾಸ್ತ್ರಗ್ರಂಥಗಳಲ್ಲಿಲ್ಲದ ಕಳ್ಳರು, ಗುಲಾಮರು, ತುಂಟ ಹುಡುಗರು ಅದರ ತುಂಬ ಓಡಾಡುವುದನ್ನು ಕಂಡು ನಮ್ಮ ಹಿರಿಯರು ಮೊದಲು ಹುಬ್ಬೇರಿಸಿಯಾರು, ಆಮೇಲೆ ಕೆಳಗಿಡಲಾರರು.

ಕೊನೆಯ ವರ್ಷಗಳಲ್ಲಿ ತೆಜುಕಾ ಯಾವ ಪ್ರಾಯೋಜಕರ ಹಂಗೂ ಇಲ್ಲದೆ ಸಣ್ಣ ಚಿತ್ರಗಳಿಗೆ ಮರಳಿದರು. 'ಜಂಪಿಂಗ್' (1984) ಆರು ನಿಮಿಷದ್ದು. ರಸ್ತೆಯಲ್ಲಿ ಕುಪ್ಪಳಿಸುತ್ತ ಹೋಗುವ ಒಂದು ಜೀವದ ಕಣ್ಣಿನಿಂದಲೇ ಎಲ್ಲವೂ ಕಾಣುತ್ತದೆ. ಜಿಗಿತ ಎತ್ತರವಾಗುತ್ತ ಮನೆ, ಕಾಡು, ನಗರ, ಸಮುದ್ರಗಳನ್ನು ದಾಟಿ ಯುದ್ಧಭೂಮಿಗೆ, ಅಲ್ಲಿಂದ ನರಕಕ್ಕೆ ಬಿದ್ದು ಮತ್ತೆ ಅದೇ ರಸ್ತೆಗೆ ಬಂದು ನಿಲ್ಲುತ್ತದೆ. ನಡುವೆ ಒಂದು ಕತ್ತರಿಯೂ ಇಲ್ಲ. ಹಿನ್ನೆಲೆಯೂ ಕ್ಷಣಕ್ಷಣಕ್ಕೆ ಚಲಿಸುವುದರಿಂದ ಸುಮಾರು 4,000 ಚಿತ್ರಗಳನ್ನು ಬರೆಯಬೇಕಾಯಿತು. 'ಬ್ಯಾಂಕಿ'ನಿಂದ ತೆಗೆದು ಬಳಸುವಂಥ ಒಂದು ಚಿತ್ರವೂ ಇಲ್ಲಿ ಸಲ್ಲದು. ಝಾಗ್ರೆಬ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಇದಕ್ಕೆ ದೊರೆಯಿತು. ಮರುವರ್ಷ ಹಿರೋಷಿಮಾದಲ್ಲಿ ಮೊದಲ ಬಾರಿ ನಡೆದ ಅನಿಮೇಷನ್ ಉತ್ಸವದಲ್ಲಿ, ಗೀರುಬಿದ್ದ ಹಳೆಯ ಮೂಕಿಚಿತ್ರವನ್ನು ಅಣಕಿಸುವ ಅವರ ಕಿರುಚಿತ್ರವೂ ಅತ್ಯುನ್ನತ ಪ್ರಶಸ್ತಿ ಗಳಿಸಿತು.

ನನ್ನ ಮಟ್ಟಿಗೆ ಅವರ ನಿಜವಾದ ಮರಣಶಾಸನವೆಂದರೆ 1987ರ 'ಅರಣ್ಯದ ದಂತಕಥೆ'. ಚೈಕೊವ್‌ಸ್ಕಿಯ ನಾಲ್ಕನೆಯ ಸಿಂಫನಿಯ ನಾಲ್ಕು ಭಾಗಗಳಿಗೆ ಹೊಂದುವಂತೆ ನಾಲ್ಕು ಖಂಡಗಳ ಯೋಜನೆ. ಮುಗಿದದ್ದು ಮೊದಲನೆಯದು ಮತ್ತು ನಾಲ್ಕನೆಯದು. ಮೊದಲ ಖಂಡದಲ್ಲಿ ಮರ ಕಡಿಯುವವನೊಬ್ಬನಿಗೂ ಒಂದು ಹಾರುವ ಅಳಿಲಿಗೂ ನಡೆಯುವ ಹೋರಾಟ ಸ್ತಬ್ಧ ಚಿತ್ರಗಳಿಂದ ತೊಡಗಿ ಅನಿಮೇಷನ್ನಿನ ಇತಿಹಾಸದ ಶೈಲಿಗಳನ್ನೆಲ್ಲ ಹಾದು ಡಿಸ್ನಿಯ ವೈಭವದವರೆಗೆ ಬರುತ್ತದೆ. ನಾಲ್ಕನೆಯದರಲ್ಲಿ ಕಾಡಿನ ಯಕ್ಷಿಯರು, ಕುಬ್ಜರು, ಪ್ರಾಣಿಗಳು 'ಬಾಂಬಿ'ಯ ಹಾಗೆ ಪೂರ್ಣ ಚಲನೆಯಿಂದ ತುಂಬಿ ತುಳುಕುತ್ತಾರೆ. ಕಾಡನ್ನು ನಾಶಮಾಡಲು ಬಂದ, ಹಿಟ್ಲರನ ಮುಖದ ನಾಯಕನೂ ಅವನ ಬಂಟರೂ ಅಗ್ಗದ ದೂರದರ್ಶನ ಕಾರ್ಟೂನಿನ ಹಾಗೆ ತಡೆತಡೆದು ಚಲಿಸುತ್ತಾರೆ. 1963ರಲ್ಲಿ ಆ ಚಲನೆಯನ್ನು ವಾರವಾರವೂ ಮನೆಮನೆಗೆ ತಂದವರು ಯಾರೆಂಬುದು ಚಿತ್ರ ನೋಡಿದ ಪ್ರತಿಯೊಬ್ಬ ಜಪಾನೀಯನಿಗೂ ತಿಳಿದಿತ್ತು.

ಉಳಿದೆರಡು ಖಂಡಗಳಿಗೆ ಆಯುಷ್ಯ ಸಾಲಲಿಲ್ಲ. ಜಠರದ ಕ್ಯಾನ್ಸರ್ ತಗುಲಿತ್ತು. ಅಂದಿನ ಜಪಾನೀ ವಾಡಿಕೆಯಂತೆ ರೋಗದ ಹೆಸರನ್ನು ರೋಗಿಗೆ ತಿಳಿಸಲಿಲ್ಲ, ಅವರು ಸ್ವತಃ ವೈದ್ಯಶಾಸ್ತ್ರದ ಡಾಕ್ಟರೇಟ್ ಪಡೆದವರಾಗಿದ್ದರೂ ಸಹ. ಆಸ್ಪತ್ರೆಯ ಹಾಸಿಗೆಯಲ್ಲಿಯೂ ಪೆನ್ಸಿಲ್ ಬೇಡುತ್ತಿದ್ದರು, ಕೆಲಸ ಮಾಡಲು ಬಿಡಿರೆಂದು ಕೇಳಿಕೊಳ್ಳುತ್ತಿದ್ದರು. ಬೀಥೋವನ್ ಕುರಿತ 'ಲುಡ್ವಿಗ್ ಬಿ' ಸೇರಿದಂತೆ ಮೂರು ಕಥೆಗಳು ಅರ್ಧದಲ್ಲಿದ್ದವು. 1989ರ ಫೆಬ್ರವರಿ 9ರಂದು ಟೋಕಿಯೋದಲ್ಲಿ ಅವರು ನಿಧನರಾದಾಗ ವಯಸ್ಸು ಅರವತ್ತು. ಜೀವಮಾನದಲ್ಲಿ ಬರೆದ ಚಿತ್ರಕಥೆಗಳ ಪುಟಗಳು ಸುಮಾರು 1,50,000 ಎಂದು ಅಂದಾಜು.

'ಅರಣ್ಯದ ದಂತಕಥೆ'ಯ ಎರಡನೆಯ ಖಂಡವನ್ನು ಅವರ ಮಗ ಮಕೊಟೊ ತೆಜುಕಾ 2014ರಲ್ಲಿ ಪೂರ್ಣಗೊಳಿಸಿದರು.